ಅವಧಿ ಮುಗಿದ ಕಪ್ಪು-ಬಿಳುಪು ಫಿಲ್ಮ್: ನಾನು ತೊಳೆಯುವ ರೀತಿ

ಹಳೇ ಫಿಲ್ಮ್ ಅಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: 10 ವರ್ಷಕ್ಕೆ ಒಂದು ಸ್ಟಾಪ್ ಬೆಳಕು ಜಾಸ್ತಿ ಕೊಡಿ (ಒಂದು ಸ್ಟಾಪ್ ಜಾಸ್ತಿ ಅಂದರೆ ಎರಡರಷ್ಟು ಬೆಳಕು). ಕಲರ್ ನೆಗೆಟಿವ್‌ಗೆ ಇದು ಹೆಚ್ಚುಕಮ್ಮಿ ಸರಿಹೋಗುತ್ತದೆ. ಕಪ್ಪು-ಬಿಳುಪಿಗೆ ನಾನು ಈ ಲೆಕ್ಕ ಹಿಡಿಯುವುದಿಲ್ಲ. 1988ರ ತಾರೀಖಿದ್ದ ಕೊಡಾಕ್ ಪ್ಲಸ್-ಎಕ್ಸ್ 125 ಫಿಲ್ಮ್ ನನಗೆ ಒಂದೇ ಸ್ಟಾಪ್ ಜಾಸ್ತಿ ಕೊಟ್ಟಾಗ ಚೆನ್ನಾಗಿ ಬಂದಿದೆ. ಅದಕ್ಕಿಂತ ಎಷ್ಟೋ ಹೊಸದಾದ 3200 ವೇಗದ (ವೇಗ ಅಂದರೆ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್ಒ ಅಂಕಿ) ಫಿಲ್ಮ್ ಪೂರ್ತಿ ಬೂದು ಬಣ್ಣಕ್ಕೆ ತಿರುಗಿದ್ದನ್ನೂ ನೋಡಿದ್ದೇನೆ. ಡಬ್ಬಿ ಮೇಲಿನ ತಾರೀಖಿಗಿಂತ ಫಿಲ್ಮಿನ ವೇಗ ಎಷ್ಟು, ಅದು ಇಷ್ಟು ವರ್ಷ ಎಲ್ಲಿ ಬಿದ್ದಿತ್ತು ಅನ್ನುವುದೇ ಮುಖ್ಯ.

ಕಾರಣ ಇಷ್ಟೇ. ಬಿಸಿ, ತೇವ ಮತ್ತು ನಮ್ಮ ಸುತ್ತ ಸದಾ ಇರುವ ಸಣ್ಣ ಪ್ರಮಾಣದ ವಿಕಿರಣ, ಇವು ಫಿಲ್ಮಿನೊಳಗಿನ ಬೆಳ್ಳಿಯ ಹರಳುಗಳನ್ನು ಬೆಳಕೇ ಬೀಳದಿದ್ದರೂ ಕೆಡಿಸುತ್ತವೆ. ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ಗೆ ಬಿದ್ದಾಗ ಆ ಹರಳುಗಳೂ ಕಪ್ಪಾಗುತ್ತವೆ. ಅದೇ ಫಾಗ್. ವೇಗದ ಫಿಲ್ಮಿಗೆ ಇದು ಬೇಗ ತಗಲುತ್ತದೆ. ಫ್ರೀಜರ್‌ನಲ್ಲಿಟ್ಟರೆ ಬಿಸಿಯಿಂದ ತಪ್ಪಿಸಬಹುದು, ವಿಕಿರಣದಿಂದ ಆಗಲ್ಲ.

ಹಾಗಾಗಿ ಮೊದಲು ಪರೀಕ್ಷೆ. ಪೂರ್ತಿ ಕತ್ತಲಲ್ಲಿ ರೋಲಿನಿಂದ ಬೆಳಕು ಕಾಣದ ಭಾಗದ ಎರಡು ಚಿಕ್ಕ ತುಂಡು ಕತ್ತರಿಸುತ್ತೇನೆ. ಒಂದನ್ನು ಡೆವಲಪ್ ಮಾಡಿ ಫಿಕ್ಸ್ ಮಾಡುತ್ತೇನೆ (ಫಿಕ್ಸ್ ಅಂದರೆ ಕಪ್ಪಾಗದೆ ಉಳಿದ ಹರಳುಗಳನ್ನು ಕರಗಿಸಿ ತೆಗೆಯುವುದು). ಇನ್ನೊಂದನ್ನು ಬರೀ ಫಿಕ್ಸರ್‌ನಲ್ಲಿ ಹಾಕುತ್ತೇನೆ. ಒಣಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದರೆ ಎಲ್ಲಾ ಗೊತ್ತಾಗುತ್ತದೆ. ಬರೀ ಫಿಕ್ಸ್ ಆದದ್ದು ಫಿಲ್ಮಿನ ತಳದ ಬಣ್ಣ ಮಾತ್ರ ತೋರಿಸುತ್ತದೆ. ಇನ್ನೊಂದು ಅದಕ್ಕಿಂತ ಎಷ್ಟು ಕಪ್ಪಾಗಿದೆಯೋ ಅಷ್ಟೂ ಫಾಗ್. ಆ ತುಂಡನ್ನು ಅಚ್ಚಾದ ಪುಟದ ಮೇಲಿಟ್ಟಾಗ ಅಕ್ಷರ ಸುಲಭವಾಗಿ ಓದಲು ಬಂದರೆ ರೋಲ್ ಕೆಲಸಕ್ಕೆ ಬರುತ್ತದೆ ಅಂತ ನನ್ನ ಅಂದಾಜು.

ಆಮೇಲೆ ಕ್ಯಾಮೆರಾಗೆ ಹಾಕಿ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆಯುತ್ತೇನೆ: ಡಬ್ಬಿ ಮೇಲಿನ ವೇಗಕ್ಕೆ ಒಂದು, ಮತ್ತೆ ಒಂದು, ಎರಡು, ಮೂರು ಸ್ಟಾಪ್ ಜಾಸ್ತಿ. ದೃಶ್ಯದಲ್ಲಿ ಗಾಢ ನೆರಳು ಇರಲೇಬೇಕು. ಫಾಗ್ ಮೊದಲು ನುಂಗುವುದು ನೆರಳನ್ನೇ ಅಲ್ವಾ? ಬೆಳಕು ಒಳಗೆ ಬಾರದ ಚೇಂಜಿಂಗ್ ಬ್ಯಾಗ್‌ನಲ್ಲಿ ಅಷ್ಟು ಭಾಗ ಕತ್ತರಿಸಿ ತೊಳೆದು ನೋಡುತ್ತೇನೆ. ನೆರಳಿನ ವಿವರ ಫಾಗ್‌ಗಿಂತ ಮೇಲೆದ್ದು ಕಾಣುವ ಮೊದಲ ಫ್ರೇಮ್ ಯಾವುದೋ ಅದೇ ಉಳಿದ ರೋಲಿಗೆ ನನ್ನ ಐಎಸ್ಒ. ಒಂದೆರಡು ಫ್ರೇಮ್ ದಂಡವಾಗುತ್ತದೆ, ಪರವಾಗಿಲ್ಲ.

ತೊಳೆಯುವಾಗ ನನ್ನ ಕೈ ಮೊದಲು ಹೋಗುವುದು ಎಚ್‌ಸಿ-110 ಡೆವಲಪರ್‌ಗೆ. ಫಾಗ್ ಕಡಿಮೆ ಎಬ್ಬಿಸುತ್ತದೆ ಅಂತ ಹಳೇ ಫಿಲ್ಮ್ ತೊಳೆಯುವವರಲ್ಲಿ ಅದಕ್ಕೆ ಹೆಸರಿದೆ, ನನ್ನ ಅನುಭವವೂ ಹಾಗೇ ಇದೆ. ಡೈಲ್ಯೂಷನ್ ಬಿ, ಅಂದರೆ 1 ಪಾಲಿಗೆ 31 ಪಾಲು ನೀರು. 20 ಡಿಗ್ರಿ ಸೆಲ್ಸಿಯಸ್. ಆ ಪ್ಲಸ್-ಎಕ್ಸ್‌ಗೆ 5 ನಿಮಿಷ ಸಾಕಾಯಿತು. ಹಳೇ ಫಿಲ್ಮಿಗೆ ಗಂಟೆಗಟ್ಟಲೆ ಸುಮ್ನೆ ಬಿಟ್ಟು ಮಾಡುವ ಸ್ಟ್ಯಾಂಡ್ ಡೆವಲಪ್‌ಮೆಂಟ್ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊತ್ತು ಹೆಚ್ಚಿದಷ್ಟೂ ಫಾಗ್ ಕೂಡ ಬೆಳೆಯುತ್ತದೆ. ಬೆಳಕು ಧಾರಾಳವಾಗಿ ಕೊಡಬೇಕು, ಡೆವಲಪರ್‌ನಲ್ಲಿ ಕಡಿಮೆ ಹೊತ್ತು ಇಡಬೇಕು. ಹಾಗಂತ 5 ನಿಮಿಷಕ್ಕಿಂತ ಕೆಳಗಿಳಿದರೆ ಆಕಾಶದಂಥ ಜಾಗದಲ್ಲಿ ಪಟ್ಟೆಪಟ್ಟೆ ಬರುವ ಭಯ ಇದೆ.

400 ಅಥವಾ ಅದಕ್ಕಿಂತ ವೇಗದ ರೋಲ್ ಆಗಿದ್ದು, ಪರೀಕ್ಷೆಯ ತುಂಡು ತೀರಾ ಕಪ್ಪಾಗಿದ್ದರೆ ಬೆಂಜೋಟ್ರಯಜೋಲ್ ಸೇರಿಸುತ್ತೇನೆ. 1% ದ್ರಾವಣ ಮಾಡಿಟ್ಟುಕೊಂಡು, ಒಂದು ಲೀಟರ್ ಡೆವಲಪರ್‌ಗೆ 10 ಮಿಲಿಲೀಟರ್‌ನಿಂದ ಶುರು. ಇದು ಫಾಗ್ ತಗ್ಗಿಸುತ್ತದೆ, ಜೊತೆಗೆ ಫಿಲ್ಮಿನ ವೇಗವನ್ನೂ ಸ್ವಲ್ಪ ತಿನ್ನುತ್ತದೆ. ಆದ್ದರಿಂದ ಇದನ್ನು ಬಳಸುತ್ತೀರಿ ಅಂತಾದರೆ ಪರೀಕ್ಷೆಯ ಫ್ರೇಮ್‌ಗಳನ್ನೂ ಇದೇ ದ್ರಾವಣದಲ್ಲೇ ತೊಳೆಯಬೇಕು.

ನಿಜವಾಗಿ ತಾಳ್ಮೆ ಬೇಕಾಗುವುದು ಫಿಲ್ಮನ್ನು ತೊಳೆಯುವ ಟ್ಯಾಂಕಿನ ರೀಲಿಗೆ ಸುತ್ತುವಾಗ. ವರ್ಷಗಟ್ಟಲೆ ಸುರುಳಿಯಲ್ಲೇ ಇದ್ದ ಫಿಲ್ಮ್ ಬಿಚ್ಚಿದರೆ ಚಟ್ ಅಂತ ಮತ್ತೆ ಸುತ್ತಿಕೊಳ್ಳುತ್ತದೆ. ರೀಲ್ ಪೂರ್ತಿ ಒಣಗಿರಬೇಕು. ಫಿಲ್ಮಿನ ಮೂಲೆಗಳನ್ನು ಸ್ವಲ್ಪ ಗುಂಡಗೆ ಕತ್ತರಿಸಿಕೊಂಡರೆ ಸಲೀಸಾಗಿ ಒಳಗೆ ಹೋಗುತ್ತದೆ. ಎಳೆದಾಡಬೇಡಿ.

ಫಿಕ್ಸರ್‌ಗೆ ಲೆಕ್ಕ ಸುಲಭ. ಒಂದು ತುಂಡು ಹಾಕಿ, ಹಾಲಿನಂಥ ಬಿಳಿ ಹೋಗಿ ತಿಳಿಯಾಗಲು ಎಷ್ಟು ಹೊತ್ತು ಬೇಕು ನೋಡಿ, ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಿ. ಇನ್ನೊಂದು ಮಾತು: ಫೋಟೋ ತೆಗೆದ ರೋಲನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ. ಫಿಲ್ಮಿಗೆ ಬಿದ್ದ ಚಿತ್ರ ತೊಳೆಯುವವರೆಗೆ ನಿಧಾನವಾಗಿ ಮಾಸುತ್ತಲೇ ಇರುತ್ತದೆ.

ಕಾಗದದ ಜೊತೆ ಸುತ್ತಿ ಬರುವ ಅಗಲವಾದ 120 ರೋಲಾದರೆ ಹಿಂದಿನ ಆ ಕಾಗದದ ಅಂಕಿಗಳು ಚಿತ್ರದ ಮೇಲೇ ಮೂಡಬಹುದು. ಖಾಲಿ ಆಕಾಶದಲ್ಲಿ ಅವು ಎದ್ದು ಕಾಣುತ್ತವೆ. ಎಲೆ, ಕಲ್ಲು, ಒರಟು ಗೋಡೆ ಇರುವ ದೃಶ್ಯದಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕೇ ಅಂಥ ರೋಲಿಗೆ ಅಂಥದೇ ವಿಷಯ ಆರಿಸುತ್ತೇನೆ.

ನೆಗೆಟಿವ್ ಮಂಕಾಗಿ ಬಂತು ಅಂತ ಎಸೆಯಬೇಡಿ. ಎಲ್ಲ ಕಡೆ ಒಂದೇ ಸಮ ಇರುವ ಫಾಗ್ ಪ್ರಿಂಟ್ ಮಾಡುವಾಗ ಬರೀ ಹೆಚ್ಚು ಹೊತ್ತಿನ ಎಕ್ಸ್‌ಪೋಶರ್ ಕೇಳುತ್ತದೆ. ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳುಪಿನ ನಡುವಿನ ವ್ಯತ್ಯಾಸ, ಹೆಚ್ಚಿಸಲು 3½ ಅಥವಾ 4ರ ಫಿಲ್ಟರ್ ಹಾಕುತ್ತೇನೆ. ಗ್ರೇನ್ ಜಾಸ್ತಿ ಇರುತ್ತದೆ, ನೆರಳು ಸ್ವಲ್ಪ ಹೋಗಿರುತ್ತದೆ. ಆದರೆ ಬೆಳಕು ಬಿದ್ದ ಮುಖ, ಬಟ್ಟೆಯ ನೆರಿಗೆ ಎಷ್ಟು ಚೆನ್ನಾಗಿ ಉಳಿದಿರುತ್ತವೆ ಅಂದರೆ, ಹೊಸ ಫಿಲ್ಮ್ ಕೈಯಲ್ಲಿದ್ದರೂ ನಾನು ಹಳೇದನ್ನೇ ಹುಡುಕುತ್ತೇನೆ. ಒಂದೇ ಕಟ್ಟಿನಲ್ಲಿ ಸಿಕ್ಕ ರೋಲ್‌ಗಳು ಸಾಮಾನ್ಯವಾಗಿ ಒಂದೇ ಥರ ನಡೆದುಕೊಳ್ಳುತ್ತವೆ. ಹಾಗಾಗಿ ಐಎಸ್ಒ, ಹೊತ್ತು, ಡೆವಲಪರ್ ಮೂರನ್ನೂ ನೆಗೆಟಿವ್ ಕವರಿನ ಮೇಲೆ ಬರೆದಿಡಿ. ಬೇರೆ ಕಡೆಯಿಂದ ಬಂದ ರೋಲಿಗೆ ಮಾತ್ರ ಪರೀಕ್ಷೆ ಮತ್ತೆ ಮೊದಲಿನಿಂದ.