ವೃದ್ಧಾಶ್ರಮದಲ್ಲಿ ಹಿರಿಯರು ಸುರಕ್ಷಿತ ಎಂದು ತೋರಿಸುವುದು ಹೇಗೆ

ಹೊರಗಿನಿಂದ ಬಂದವರು ಯಾವುದೋ ಒಂದು ಹಾಸಿಗೆಯತ್ತ ಬೊಟ್ಟು ಮಾಡಿ, "ಕಳೆದ ಮೂವತ್ತು ದಿನ ಈ ಅಜ್ಜಿಗೆ ಏನೇನಾಯಿತು, ತೋರಿಸಿ" ಎಂದರೆ ಹತ್ತು ನಿಮಿಷದಲ್ಲಿ ಕಾಗದ ತೆಗೆದು ತೋರಿಸಲು ಆಗಬೇಕು. ಎಷ್ಟು ಊಟ ಮಾಡಿದರು, ಯಾವ ಮಾತ್ರೆಯನ್ನು ಯಾರು ಕೊಟ್ಟರು, ತೂಕ ಎಷ್ಟಿದೆ, ಬಿದ್ದಿದ್ದರೆ ಆಮೇಲೆ ಏನು ಮಾಡಲಾಯಿತು, ಅವರ ದುಡ್ಡು ಎಲ್ಲಿದೆ. ವೃದ್ಧಾಶ್ರಮವಾಗಲಿ, ಮನೆಗೆ ಹೋಮ್ ನರ್ಸ್ ಕಳಿಸುವ ಏಜೆನ್ಸಿಯಾಗಲಿ, ಹಿರಿಯರು ನಮ್ಮಲ್ಲಿ ಸುರಕ್ಷಿತ ಎಂದು ಹೇಳಬೇಕಾದರೆ ಈ ಪರೀಕ್ಷೆಗೆ ನಿಲ್ಲಬೇಕು. ಕಚೇರಿಯ ಗೋಡೆಯ ಪ್ರಮಾಣಪತ್ರವೂ ಯುಗಾದಿ ಹೋಳಿಗೆಯ ಫೋಟೊವೂ ರಾತ್ರಿ ಎರಡು ಗಂಟೆಗೆ ಹಾಸಿಗೆ ಒದ್ದೆಯಾದಾಗ ಯಾರು ಎದ್ದು ಬಂದರು ಎಂಬುದನ್ನು ಹೇಳುವುದಿಲ್ಲ.

ಸೇರಿಸಿಕೊಳ್ಳುವ ದಿನ

ಮೊದಲ ಸ್ನಾನದ ಹೊತ್ತಿಗೇ ತಲೆಯಿಂದ ಕಾಲಿನವರೆಗೆ ಮೈ ನೋಡಿ ಬರೆದಿಡಿ. ಅಜ್ಜಿಯಾದರೆ ಇಬ್ಬರು ಹೆಂಗಸರು, ಅವರ ಒಪ್ಪಿಗೆ ಕೇಳಿ, ಬಾಗಿಲು ಮುಚ್ಚಿ. ಮನುಷ್ಯನ ಮುಂಭಾಗ, ಹಿಂಭಾಗದ ಗೆರೆಚಿತ್ರ ಮುದ್ರಿಸಿದ ಹಾಳೆ ಇಟ್ಟುಕೊಂಡು ಗಾಯ, ಕಲೆ, ಊತ ಎಲ್ಲಿದೆಯೋ ಅಲ್ಲಿ ಗುರುತು ಹಾಕಿ. ಸ್ಕೇಲಿನಲ್ಲಿ ಅಳೆದು ಸೆಂಟಿಮೀಟರಿನಲ್ಲಿ ಬರೆಯಿರಿ. ಕರೆತಂದವರ ಸಹಿ ಅದರ ಕೆಳಗೇ ಇರಲಿ. ಇದನ್ನು ಬಿಟ್ಟ ಕಡೆ ಮೂರು ವಾರದ ನಂತರ ಹಾಸಿಗೆ ಹುಣ್ಣು ಕಂಡಾಗ ಅದು ಮನೆಯಿಂದ ಬಂದದ್ದೋ ಇಲ್ಲೇ ಆದದ್ದೋ ಎಂದು ಯಾರಿಗೂ ಹೇಳಲಾಗದು. ಆ ಜಗಳದ ನಡುವೆ ಹುಣ್ಣು ಆಳವಾಗುತ್ತಾ ಹೋಗುತ್ತದೆ.

ಅದೇ ದಿನ ತೂಕ ನೋಡಿ, ಆಮೇಲೆ ತಿಂಗಳಿಗೊಮ್ಮೆ. 50 ಕೆಜಿ ಇದ್ದವರು ಒಂದು ತಿಂಗಳಲ್ಲಿ ಎರಡೂವರೆ ಕೆಜಿ ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ತಟ್ಟೆ ಇಟ್ಟು ಹೋಗಿ, ತಿನ್ನಿಸುವವರಿಲ್ಲದೆ ಹಾಗೇ ವಾಪಸ್ ಒಯ್ಯುತ್ತಿರುವ ವಿಷಯ ಎಷ್ಟೋ ಸಲ ಮೊದಲು ಗೊತ್ತಾಗುವುದು ತೂಕದ ಯಂತ್ರದ ಮೇಲೆಯೇ.

ಮೈಮೇಲಿನ ಕಂದಿದ ಕಲೆ

ಪೆಟ್ಟಿನಿಂದ ಕಂದಿದ ಕಲೆ ಕಂಡಾಗ ಬಹುತೇಕ ಆಶ್ರಮಗಳ ದಿನಚರಿ ಪುಸ್ತಕಗಳಲ್ಲಿ "ಕೈಗೆ ಪೆಟ್ಟು, ಮುಲಾಮು ಹಚ್ಚಿದೆ" ಎಂಬ ಒಂದು ಸಾಲು ಇರುತ್ತದೆ. ಅದು ಸಾಲದು. ಯಾವ ಕೈ, ಒಳಮೈಯೋ ಹೊರಮೈಯೋ, ಎಷ್ಟು ಉದ್ದ ಅಗಲ, ಒಂದೇ ಕಲೆಯೋ ಬೆರಳಚ್ಚಿನ ಹಾಗೆ ಸಾಲಾಗಿ ಮೂರು ನಾಲ್ಕೋ, ಯಾರು ಎಷ್ಟು ಗಂಟೆಗೆ ನೋಡಿದರು, ಅಜ್ಜಿ ತಮ್ಮ ಬಾಯಲ್ಲೇ ಏನೆಂದರು, ಇಷ್ಟೂ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಮುಂಗೈ ಮೇಲೆ ಸುಮ್ಮನೆ ತಗುಲಿದರೂ ಕಂದುತ್ತದೆ. ತೋಳಿನ ಒಳಭಾಗ, ಕಿವಿಯ ಹಿಂದೆ, ತೊಡೆಯ ಒಳಗೆ ಹಾಗೆ ತಾನಾಗಿ ಪೆಟ್ಟಾಗುವುದು ಅಪರೂಪ. ಕಲೆಯ ಬಣ್ಣ ನೋಡಿ "ಇದು ನಾಲ್ಕು ದಿನದ್ದು" ಎಂದು ಬರೆಯಬೇಡಿ, ಬಣ್ಣದಿಂದ ದಿನ ಲೆಕ್ಕ ಹಾಕುವುದು ನಂಬುವಂಥದ್ದಲ್ಲ. ಅಜ್ಜಿ "ಆ ಹುಡುಗಿ ಕೈ ತಿರುವಿದಳು" ಎಂದಿದ್ದರೆ ಅದೇ ಮಾತು ಪುಸ್ತಕದಲ್ಲಿ ಇರಬೇಕು. "ನಿವಾಸಿಯು ಅಸಮಾಧಾನ ವ್ಯಕ್ತಪಡಿಸಿದರು" ಎಂದು ತಿದ್ದಿ ಬರೆದರೆ ಅವರು ಹೇಳಿದ್ದು ಅಲ್ಲಿಗೇ ಅಳಿಸಿಹೋಯಿತು.

ಫೋಟೊ ಬೇಕಾದರೆ ಒಪ್ಪಿಗೆ ಪಡೆದು ಕಚೇರಿಯ ಫೋನಿನಲ್ಲಿ ತೆಗೆಯಿರಿ. ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಅದು ಹೋಗಕೂಡದು.

ಹಾಸಿಗೆ ಹಿಡಿದವರ ಬಾಲಮೂಳೆ, ಹಿಮ್ಮಡಿ, ಸೊಂಟದ ಪಕ್ಕ ದಿನಾಲೂ ನೋಡಬೇಕು. ಕೆಂಪಾದ ಜಾಗ ಬೆರಳಲ್ಲಿ ಒತ್ತಿದರೂ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಟ್ಟೇ ತಿಳಿಯಬೇಕು. ನಮ್ಮ ಕಡೆ ಹುಣ್ಣು ತಡವಾಗಿ ಗೊತ್ತಾಗುವುದಕ್ಕೆ ಇದೂ ಒಂದು ಕಾರಣ.

ರಾತ್ರಿ ಪಾಳಿಯ ಪುಸ್ತಕ

ಮಗ್ಗುಲು ಬದಲಿಸುವುದು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ. ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಯ ಗುರುತುಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇದ್ದರೆ ಅವು ಬೆಳಿಗ್ಗೆ ಆರಕ್ಕೆ ಒಟ್ಟಿಗೆ ತುಂಬಿದವು. ಆಯಾ ಮೇಲೆ ರೇಗುವ ಮುಂಚೆ ಲೆಕ್ಕ ಹಾಕಿ. ಹಾಸಿಗೆ ಹಿಡಿದವರು 12 ಜನ, ಒಬ್ಬರಿಗೆ 5 ನಿಮಿಷ ಎಂದರೂ ಒಂದು ಸುತ್ತಿಗೆ ಒಂದು ಗಂಟೆ. ಅಂದರೆ ಇಡೀ ರಾತ್ರಿಯ ಅರ್ಧ ಹೊತ್ತು ಅದಕ್ಕೇ ಹೋಯಿತು. ಡೈಪರ್ ಬದಲಿಸುವುದು, ನೀರು ಕೊಡುವುದು ಬೇರೆ. ಒಬ್ಬರೇ ಎತ್ತಿ ತಿರುಗಿಸಿದರೆ ಚರ್ಮ ಹಾಸಿಗೆಗೆ ಉಜ್ಜಿ ಹರಿಯುತ್ತದೆ. ರಾತ್ರಿಗೆ ಇಬ್ಬರನ್ನು ಹಾಕದೆ ಪುಸ್ತಕ ಸರಿ ಇರಬೇಕೆಂದರೆ ಸುಳ್ಳು ಬರೆಯಿರಿ ಎಂದು ನಾವೇ ಕಲಿಸಿದಂತೆ. ಇಬ್ಬರನ್ನು ಹಾಕಿ, ಹಾಳೆಯನ್ನು ಕಚೇರಿಯಿಂದ ತಂದು ಹಾಸಿಗೆಯ ಕಾಲಬುಡಕ್ಕೆ ತೂಗುಹಾಕಿ. ಮೇಲ್ವಿಚಾರಕರು ತಿಂಗಳಲ್ಲಿ ಎರಡು ಸಲ ಹೇಳದೆ ನಡುರಾತ್ರಿ ಬಂದು ಅದೇ ಹಾಳೆಯಲ್ಲಿ ಸಮಯ ಬರೆದು ಸಹಿ ಮಾಡಲಿ.

ಮಾತ್ರೆಯನ್ನು ಎಣಿಸಿಯೇ ನೋಡಬಹುದು. ದಿನಕ್ಕೆ ಎರಡರಂತೆ 1ನೇ ತಾರೀಕು 60 ಇದ್ದರೆ 11ರ ಬೆಳಿಗ್ಗೆ ಕೊಡುವ ಮುಂಚೆ 40 ಉಳಿದಿರಬೇಕು. ನಿದ್ರೆ ಮಾತ್ರೆಯನ್ನು ವಾರವಾರ ಎಣಿಸಿ. ಮರೆವಿನ ಕಾಯಿಲೆಯವರು ರಾತ್ರಿ ಓಡಾಡುತ್ತಾರೆಂದು ವೈದ್ಯರ ಚೀಟಿ ಇಲ್ಲದೆ ಮಾತ್ರೆ ಕೊಟ್ಟು ಮಲಗಿಸುವುದು ಹಗ್ಗದಲ್ಲಿ ಕಟ್ಟಿಹಾಕಿದಂತೆಯೇ. ಸೀರೆಯ ತುಂಡಿನಿಂದ ಕೈ ಮಂಚಕ್ಕೆ ಕಟ್ಟುವುದು, ಹೊರಗಿನಿಂದ ಚಿಲಕ ಹಾಕುವುದು ಇವೂ ದೌರ್ಜನ್ಯವೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯನ್ನು ಒಂಟಿಯಾಗಿ ಕೂಡಿಹಾಕುವುದಕ್ಕೆ ಅವಕಾಶವೇ ಇಲ್ಲ. ಕಟ್ಟಿಹಾಕುವುದೂ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯಿಲ್ಲದಾಗ, ಮನೋವೈದ್ಯರ ಒಪ್ಪಿಗೆಯಿಂದ ಮಾತ್ರ. ಆಸ್ಪತ್ರೆಗೇ ಇಷ್ಟು ಬಿಗಿ ಇರುವಾಗ ಆಶ್ರಮ ಸಡಿಲವಾಗಿರಲು ಕಾರಣವಿಲ್ಲ.

ದುಡ್ಡು, ಹೆಬ್ಬೆಟ್ಟು

ಎಟಿಎಂ ಕಾರ್ಡು, ಅದರ ಪಿನ್ ಸಿಬ್ಬಂದಿಯ ಕೈಯಲ್ಲಿ ಇರಬಾರದು. ಸಂಧ್ಯಾ ಸುರಕ್ಷಾ ಪಿಂಚಣಿ ತೆಗೆಯಲು ಜೊತೆಗೆ ಹೋದರೆ ತೆಗೆದ ಮೊತ್ತ, ಖರ್ಚು, ಉಳಿಕೆ ಬರೆದು ಇಬ್ಬರು ಸಹಿ ಮಾಡಲಿ, ಬಿಲ್ಲು ಅಂಟಿಸಲಿ. ಹೆಬ್ಬೆಟ್ಟು ಒತ್ತಿಸುವ ಯಾವ ಕಾಗದವನ್ನಾದರೂ ಮೊದಲು ಅವರ ಭಾಷೆಯಲ್ಲಿ ಓದಿ ಹೇಳಿ. ಉಯಿಲಿಗೆ ಸಿಬ್ಬಂದಿ ಸಾಕ್ಷಿಯಾಗುವುದು, ಆಶ್ರಮದ ಹೆಸರಿಗೆ ಸೈಟು ಬರೆಸಿಕೊಳ್ಳುವುದು ಇಲ್ಲ ಎಂದು ಲಿಖಿತ ನಿಯಮ ಇರಲಿ. ಮಕ್ಕಳು ಆಸ್ತಿ ಬರೆಸಿಕೊಂಡು ಕೈಬಿಟ್ಟಿದ್ದರೆ ಹಿರಿಯರಿಗೆ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ತಿಳಿಸಿಕೊಡಿ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟದ್ದನ್ನು, ಷರತ್ತು ಮುರಿದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ರದ್ದು ಮಾಡಬಹುದು.

ದೂರು

ದೂರಿನ ಪುಸ್ತಕ ಖಾಲಿ ಇದ್ದರೆ ಹೆಮ್ಮೆ ಪಡಬೇಡಿ. "ಚೆನ್ನಾಗಿ ನೋಡ್ಕೋತಾರಾ ಅಜ್ಜಿ?" ಎಂದು ವಾರ್ಡನ್ ಎದುರಿಗೇ ಕೇಳಿದರೆ "ಎಲ್ಲಾ ಚೆನ್ನಾಗೈತಪ್ಪ" ಎಂದೇ ಉತ್ತರ, ಹೊರಗೆ ಹಾಕಿದರೆ ಹೋಗಲು ಜಾಗವಿಲ್ಲವಲ್ಲ. ತಿಂಗಳಿಗೊಮ್ಮೆ ಸಂಬಳ ಪಡೆಯದ ಹೊರಗಿನವರೊಬ್ಬರು, ನಿವೃತ್ತ ಮೇಷ್ಟ್ರೋ ನರ್ಸೋ, ಒಬ್ಬೊಬ್ಬರ ಜೊತೆ ಒಂಟಿಯಾಗಿ ಕೂತು ಕೇಳಲಿ. "ನಿನ್ನೆ ರಾತ್ರಿ ಕರೆದಾಗ ಯಾರು ಬಂದರು? ಸ್ನಾನದ ನೀರು ಬಿಸಿ ಇತ್ತಾ? ಯಾರನ್ನ ಕಂಡರೆ ಭಯ?" ಹೀಗೆ ಕೇಳಿದರೆ ಮಾತು ಬರುತ್ತದೆ. ಮಾತು ಕಳೆದುಕೊಂಡವರಲ್ಲಿ, ಒಬ್ಬ ನಿರ್ದಿಷ್ಟ ಸಿಬ್ಬಂದಿ ಹತ್ತಿರ ಬಂದಾಗ ಮೈ ಮುದುಡಿಕೊಳ್ಳುವುದೇ ದೂರು.

ಆರೋಪ ಬಂದ ಗಂಟೆಯಿಂದ ಆ ಸಿಬ್ಬಂದಿಯನ್ನು ಹಿರಿಯರ ಹತ್ತಿರ ಬಿಡಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಹಲ್ಲೆ, ಲೈಂಗಿಕ ದೌರ್ಜನ್ಯ ಎಂಬ ಅನುಮಾನವಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ 112ಕ್ಕೆ ಕರೆ ಮಾಡಿ. "ಒಳಗೇ ವಿಚಾರಿಸೋಣ" ಎಂದು ಒಂದು ದಿನ ತಡೆದರೂ ಸಾಕ್ಷ್ಯ ತೊಳೆದುಹೋಗುತ್ತದೆ. ಸಲಹೆಗೆ ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ. ಈ ಎರಡೂ ಸಂಖ್ಯೆ ದೊಡ್ಡ ಅಕ್ಷರದಲ್ಲಿ ಹಿರಿಯರ ಕಣ್ಣಿಗೆ ಬೀಳುವಲ್ಲಿ ಇರಲಿ, ಮಾತಾಡಲು ಒಂದು ಫೋನೂ ಇರಲಿ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಪೊಲೀಸ್ ಪರಿಶೀಲನೆ ಮಾಡಿಸಿ, ಹಿಂದೆ ಕೆಲಸ ಮಾಡಿದ ಕಡೆ ಫೋನ್ ಮಾಡಿ "ಮತ್ತೆ ಸೇರಿಸಿಕೊಳ್ಳುತ್ತೀರಾ?" ಎಂದು ಕೇಳಿ ಉತ್ತರ ಬರೆದಿಡಿ. ಒಪ್ಪಂದ ಮಾಡಿಕೊಂಡು ಅಸಹಾಯಕರನ್ನು ಬೇಕೆಂದೇ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ ಪ್ರಕಾರ 3 ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದನ್ನು ಮೊದಲ ದಿನವೇ ಹೇಳಿ. ಹೋಮ್ ನರ್ಸ್ ಏಜೆನ್ಸಿಯವರು ಮೊದಲ ವಾರದಲ್ಲೇ ಒಮ್ಮೆ ಹೇಳದೆ ಆ ಮನೆಗೆ ಹೋಗಿ ಬರಬೇಕು.

ಯಾರಾದರೂ ತೀರಿಕೊಂಡಾಗ ಅಥವಾ ಮನೆಗೆ ಮರಳಿದಾಗ ಸೇರಿದ ದಿನ ಬರೆದಿಟ್ಟ ಅವರ ಸಾಮಾನಿನ ಪಟ್ಟಿಯನ್ನು ತೆಗೆಯಿರಿ. ಓಲೆ, ತಾಳಿ, ಕನ್ನಡಕ, ಹಲ್ಲಿನ ಸೆಟ್ಟು, ಪಾಸ್‌ಬುಕ್ಕು ಒಂದೊಂದಾಗಿ ತೋರಿಸಿ ಒಪ್ಪಿಸಿ, ಪಡೆದವರ ಸಹಿ ಹಾಕಿಸಿಕೊಂಡು ಆ ಹಾಳೆಯನ್ನು ಅವರ ಕಡತದ ಕೊನೆಗೆ ಸೇರಿಸಿ.