ಮಾವು ಬಲಿತಿದೆಯೇ? ತಕ್ಕಡಿ, ನೀರು, ಒಂದು ಭಾಗಾಕಾರ

ಮೇ ಕೊನೆಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟಗಳಲ್ಲಿ ದೋಟಿಗೆ ಬಿಡುವಿಲ್ಲ. ಮಳೆ ಹಿಡಿಯುವ ಮೊದಲು ಕಸಿ ಮಾವು ಇಳಿಸಬೇಕು. ಆ ಅವಸರದಲ್ಲಿ ಎಳೆಗಾಯಿ ಕೊಯ್ದರೆ, ಬೈಹುಲ್ಲಿನಲ್ಲಿ ಎಷ್ಟು ದಿನ ಇಟ್ಟರೂ ಸಿಪ್ಪೆ ಸುಕ್ಕುಗಟ್ಟುತ್ತದೆಯೇ ಹೊರತು ಸಿಹಿ ಬರುವುದಿಲ್ಲ. ಬಣ್ಣವನ್ನು ನಂಬುವಂತಿಲ್ಲ, ಎಷ್ಟೋ ತಳಿಗಳು ಬಲಿತ ಮೇಲೂ ಹಸಿರಾಗಿಯೇ ಇರುತ್ತವೆ.

ಕಾಯಿ ಬಲಿಯುತ್ತಾ ತಿರುಳಿನಲ್ಲಿ ಪಿಷ್ಟ ತುಂಬುತ್ತದೆ. ಪಿಷ್ಟ ನೀರಿಗಿಂತ ಭಾರ. ಅಷ್ಟೇ ಗಾತ್ರದ ನೀರಿಗಿಂತ ಕಾಯಿ ಎಷ್ಟು ಪಟ್ಟು ಭಾರವೆಂದು ತಿಳಿದರೆ ಬಲಿತದ್ದೂ ತಿಳಿಯುತ್ತದೆ. ಆಪೂಸಿನ ಕೊಯ್ಲಿಗೆ ಹೇಳುವ ಲೆಕ್ಕ 1.01ರಿಂದ 1.02.

ತೊಟ್ಟು ಒಂದು ಸೆಂ.ಮೀ. ಉಳಿಯುವಂತೆ ಕೊಯ್ಯಿರಿ, ಸೊನೆ ಸೋರಬಾರದು. ಒರೆಸಿ ತೂಗಿ ಬರೆದಿಡಿ. 252 ಗ್ರಾಂ ಬಂತೆನ್ನೋಣ. ಈಗ ಹಗುರವಾದ ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತೊಟ್ಟಿಗೆ ದಾರ ಕಟ್ಟಿ ಕಾಯಿಯನ್ನು ಪೂರ್ತಿ ಮುಳುಗಿಸಿ, ದಾರವನ್ನು ಕೈಯಲ್ಲೇ ಹಿಡಿದಿರಿ. ತೇಲಿದರೆ ತೆಳು ಸೂಜಿಯಿಂದ ಸಿಪ್ಪೆ ಮುಳುಗುವಷ್ಟೇ ಒತ್ತಿ. ಆಗ ತೋರುವ ಗ್ರಾಂ, ಕಾಯಿ ಸರಿಸಿದ ನೀರಿನ ತೂಕ. ಅದು 248 ಆದರೆ 252 ÷ 248 = 1.016. ಕೊಯ್ಯಬಹುದು.

ಉತ್ತರ ಸರಿಯಾಗಿ 1 ಬಂದರೆ ಮೊದಲು ದಾರ ನೋಡಿ. ಕಾಯಿ ತಳ ಮುಟ್ಟಿದರೆ ಅದರ ಪೂರ್ತಿ ತೂಕವೇ ತಕ್ಕಡಿಗೆ ಬೀಳುತ್ತದೆ. ತೊಟ್ಟಿನ ಗುಳಿಯಲ್ಲಿ ಗಾಳಿಗುಳ್ಳೆ ಕುಳಿತರೂ ಲೆಕ್ಕ ತಪ್ಪುತ್ತದೆ, ಬೆರಳಾಡಿಸಿ ಬಿಡಿಸಿ. ಎಲ್ಲಕ್ಕಿಂತ ದೊಡ್ಡ ತೊಂದರೆ ತಕ್ಕಡಿಯದು. 248ರ ಬದಲು 249 ತೋರಿದರೆ 1.012, 247 ತೋರಿದರೆ 1.020. ಒಂದೇ ಗ್ರಾಮಿನ ತಪ್ಪಿಗೆ ಇಷ್ಟು ಅಂತರ! ಹಾಗಾಗಿ 0.1 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಮರದ ನಾಲ್ಕೂ ದಿಕ್ಕಿನಿಂದ ಹತ್ತು ಕಾಯಿ ತೆಗೆದು ಸರಾಸರಿ ನೋಡಿ. ಹತ್ತರಲ್ಲಿ ನಾಲ್ಕೈದು 1ಕ್ಕಿಂತ ಕೆಳಗಿದ್ದರೆ, ಸರಾಸರಿ ಚೆನ್ನಾಗಿದ್ದರೂ ಇಡೀ ಮರ ಇಳಿಸಬೇಡಿ.

ರಾಶಿ ಬೇರ್ಪಡಿಸಲು ಇಷ್ಟೆಲ್ಲ ಬೇಡ. ಬಕೆಟ್ ನೀರಿನಲ್ಲಿ ತೇಲಿದ್ದು ಎಳೆಯದು, ಉಪ್ಪಿನಕಾಯಿಗೆ ಹೋಗಲಿ. ಮುಳುಗಿದ್ದನ್ನು ಮಾತ್ರ ಹಣ್ಣಿಗಿಡಿ. ಎಳೆಯದಕ್ಕೆ ಕಾರ್ಬೈಡ್ ಇಡುವುದು ಕಾನೂನಿಗೂ ವಿರುದ್ಧ, ವ್ಯರ್ಥವೂ ಹೌದು. ಇಲ್ಲದ ಪಿಷ್ಟ ಸಕ್ಕರೆಯಾಗುವುದೆಲ್ಲಿಂದ?

ಆಪೂಸಿನ ಅಂಕಿಯನ್ನು ಮುಂಡಪ್ಪಕ್ಕೋ ಕಾಟು ಮಾವಿಗೋ ಹಾಗೆಯೇ ಹಚ್ಚಬಾರದು. ಹತ್ತೂ ಕಾಯಿಗೆ ನಂಬರ್ ಬರೆದು ಹಣ್ಣಿಗಿಟ್ಟು, ತಿಂದು, ರುಚಿಗೆ ಹತ್ತರಲ್ಲಿ ಅಂಕ ಕೊಡಿ. ಗೀಟಿನ ಹಾಳೆಯಲ್ಲಿ ಅಡ್ಡಕ್ಕೆ ಭಾಗಾಕಾರದ ಉತ್ತರ, ಉದ್ದಕ್ಕೆ ಅಂಕ ಗುರುತಿಸಿದರೆ ರುಚಿ ಎಲ್ಲಿಂದ ಏರುತ್ತದೆಂದು ಕಣ್ಣಿಗೇ ಕಾಣುತ್ತದೆ. ಬರುವ ವರ್ಷ ಆ ಮರಕ್ಕೆ ಆ ಅಂಕಿ.