ದುಃಖದಲ್ಲಿ ನಾನು ಪ್ರಾರ್ಥನೆ ಮಾಡಿದ್ದು ಹೀಗೆ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಎಲ್ಲಕ್ಕಿಂತ ಕಷ್ಟ ಆಗಿದ್ದು ರಾತ್ರಿಯ ಕುಟುಂಬ ಪ್ರಾರ್ಥನೆ. ಸತ್ಯವೇದ, ಅಂದರೆ ಬೈಬಲ್, ಓದುತ್ತಿದ್ದವರು ಅವರು, ಹಾಡು ಎತ್ತುತ್ತಿದ್ದವರೂ ಅವರೇ. ನಾನೊಬ್ಬಳೇ ಕಣ್ಣುಮುಚ್ಚಿ ಕೂತರೆ ಬಾಯಿಗೆ ಒಂದು ಮಾತೂ ಬರುತ್ತಿರಲಿಲ್ಲ. "ದೇವರ ಚಿತ್ತ, ಏನು ಮಾಡೋದು" ಅಂತ ಬಂದವರೆಲ್ಲ ಹೇಳಿ ಹೋಗಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮಾತಾದ ಮೇಲೆ ದೇವರನ್ನು ಏನೂ ಕೇಳುವ ಹಾಗೇ ಇಲ್ಲ ಅನಿಸುತ್ತಿತ್ತು.

ನಮ್ಮ ಸಭಾಪಾಲಕರು ಮಾತ್ರ ಬೇರೆ ಥರ ಹೇಳಿದರು. "ಪ್ರಲಾಪಗಳು ಓದಿ ಅಮ್ಮ. ಮನಸ್ಸಿನಲ್ಲಿ ಬೇಡ, ಬಾಯಿಬಿಟ್ಟು ಓದಿ."

ಸತ್ಯವೇದದೊಳಗಿನ ಸಣ್ಣ ಪುಸ್ತಕ ಅದು, ಐದೇ ಅಧ್ಯಾಯ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟುಹಾಕಿದಾಗಿನ ಗೋಳು ಅದರಲ್ಲಿದೆ. ಮೊದಲ ನಾಲ್ಕು ಅಧ್ಯಾಯಗಳನ್ನು ಹೀಬ್ರೂ ಅಕ್ಷರಮಾಲೆಯನ್ನು ಹಿಡಿದು ಕಟ್ಟಿದ್ದಾರೆ. ಅಕ್ಷರ 22, ಮೊದಲ ಅಧ್ಯಾಯದ ವಚನಗಳೂ 22. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66. ಒಂದಕ್ಷರವನ್ನೂ ಬಿಡದೆ ಅತ್ತಿದ್ದಾರೆ ಅಲ್ವಾ ಅನಿಸಿತು ನನಗೆ. ಕರ್ತನ ಕರುಣೆ ಪ್ರತಿ ಬೆಳಗ್ಗೆಯೂ ಹೊಸದು ಅನ್ನುವ ಮಾತು ನಮ್ಮ ಮನೆಗಳ ಕ್ಯಾಲೆಂಡರಿನಲ್ಲಿ ಇರುತ್ತದಲ್ಲ, ಅದು ಬರುವುದು ಇದೇ ಮೂರನೆಯ ಅಧ್ಯಾಯದ ನಡುವೆ. ಅದು ಬಂದ ಮೇಲೂ ಅಳು ನಿಲ್ಲುವುದಿಲ್ಲ. ಕೊನೆಯ ವಚನದಲ್ಲೂ "ನಮ್ಮನ್ನು ಪೂರ್ತಿ ಕೈಬಿಟ್ಟೆಯಾ" ಅನ್ನುವ ಸಂಕಟವೇ ಇದೆ. ಇಂಥದ್ದನ್ನು ದೇವರ ವಾಕ್ಯ ಅಂತಲೇ ನಮ್ಮ ಕೈಗೆ ಕೊಟ್ಟಿದ್ದಾರಲ್ಲ ಅಂತ ತಿಳಿದಾಗ ನನಗೆ ಉಸಿರಾಡುವಷ್ಟು ಜಾಗ ಸಿಕ್ಕಿತು.

ಆಮೇಲೆ ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ 13ನೆಯ ಕೀರ್ತನೆ ಹಿಡಿದೆ. ಆರೇ ವಚನ. ಮೊದಲ ಎರಡರಲ್ಲಿ ದೂರು, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಯಜಮಾನರು ಮನೆ ಖರ್ಚಿನ ಲೆಕ್ಕ ಬರೆಯುತ್ತಿದ್ದ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ರಾತ್ರಿ ಕೂತು ಅದರಲ್ಲಿ ಇದೇ ರೀತಿ ಮೂರು ಭಾಗ ಮಾಡಿ ಬರೆಯತೊಡಗಿದೆ. ಒಂದು ದಿನದ್ದು ಹೀಗಿದೆ: "ಕರ್ತನೇ, ಇವತ್ತು ಗ್ಯಾಸ್ ಸಿಲಿಂಡರ್ ಬದಲಾಯಿಸೋಕೆ ಪಕ್ಕದ ಮನೆ ಹುಡುಗನನ್ನು ಕರೆದೆ. ನೀನು ನೋಡಿದೆಯಾ? ನಾಳೆ ಬ್ಯಾಂಕಿಗೆ ಹೋಗಬೇಕು. ಮರಣ ಪ್ರಮಾಣಪತ್ರ ಕೊಡುವಾಗ ನನ್ನ ಕೈ ನಡುಗದಿರಲಿ." ಮೂರನೆಯ ಭಾಗ ಆವತ್ತು ಖಾಲಿ. ಅಂಥ ದಿನಗಳು ಬೇಕಾದಷ್ಟಿದ್ದವು. ಬಲವಂತವಾಗಿ ಏನನ್ನೂ ತುಂಬಿಸಲಿಲ್ಲ. ನಂಬಿಕೆ ಇಲ್ಲದ ದಿನ ನಂಬಿಕೆ ಇದೆ ಅಂತ ದೇವರ ಮುಂದೆ ಬರೆದು ಪ್ರಯೋಜನವೇನು? ಬರಬರುತ್ತಾ ಒಂದೊಂದು ಸಾಲು ತಾನಾಗಿ ಬಂತು. "ಬ್ಯಾಂಕಿನಲ್ಲಿ ಆ ಹುಡುಗಿ ನನ್ನನ್ನು ಕೂರಿಸಿ ನೀರು ಕೊಟ್ಟಳು. ನೀನೇ ಕಳಿಸಿದ್ದು ಅಂದುಕೊಂಡಿದ್ದೇನೆ."

ಊಟ, ನಿದ್ದೆ ತೀರಾ ಕೆಟ್ಟಾಗ ಡಾಕ್ಟರ ಹತ್ತಿರವೂ ಹೋದೆ. ಹಾಗೆ ಹೋಗುವುದು ವಿಶ್ವಾಸದ ಕೊರತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೇ ವೈದ್ಯ.

ಭಾನುವಾರದ ಆರಾಧನೆ ಇನ್ನೊಂದು ಥರದ ಕಷ್ಟ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು 1834ರಲ್ಲಿ ಬಂದು ನೆಲೆಸಿದ ಊರು ನಮ್ಮ ಮಂಗಳೂರು. ನಾಲ್ಕು ಧ್ವನಿಯಲ್ಲಿ ಹಾಡುವ ಅಭ್ಯಾಸ ನಮ್ಮವರಲ್ಲಿದೆ. ಯಜಮಾನರದ್ದು ಬೇಸ್. ಬೆಂಚಿನಲ್ಲಿ ನನ್ನ ಎಡಗಡೆ ಆ ದಪ್ಪ ದನಿ ಇಲ್ಲದೆ ನನಗೆ ಶ್ರುತಿಯೇ ಹಿಡಿಯುತ್ತಿರಲಿಲ್ಲ. ಸುಮ್ನೆ ನಿಂತಿರುತ್ತಿದ್ದೆ. ಹಾಡು ನಿಲ್ಲಲಿಲ್ಲ. ಹಿಂದಿನ ಬೆಂಚಿನವರು, ಮುಂದಿನವರು ಹಾಡಿದರು. "ಶರೀರದ ಪುನರುತ್ಥಾನವನ್ನು ನಂಬುತ್ತೇನೆ" ಅಂತ ವಿಶ್ವಾಸ ಪ್ರಮಾಣದಲ್ಲಿ ನನಗೆ ಹೇಳಲಾಗದ ಮಾತನ್ನೂ ಅವರೇ ಹೇಳಿದರು. ನನ್ನ ವಿಶ್ವಾಸವನ್ನು ಸಭೆ ಹೊತ್ತುಕೊಂಡಿತ್ತು ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ಈಸ್ಟರ್ ದಿನ ಬೆಳಗಿನ ಜಾವ ಸಮಾಧಿಗಳ ನಡುವೆ ನಿಂತು ಅದೇ ಮಾತನ್ನು ನಾನೂ ಹೇಳಿದೆ, ಗಟ್ಟಿಯಾಗಿ. ಅವರನ್ನು ಮತ್ತೆ ನೋಡುತ್ತೇನೆ. ಇದು ನನಗೆ ನಾನೇ ಹೇಳಿಕೊಂಡ ಸಮಾಧಾನವಲ್ಲ, ಕರ್ತನು ಎದ್ದನು ಅನ್ನುವುದರ ಮೇಲೆ ನಿಂತ ನಿರೀಕ್ಷೆ. ಆ ಎದ್ದ ದೇಹದಲ್ಲೂ ಮೊಳೆಯ ಗಾಯ ಉಳಿದಿತ್ತು, ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದನಲ್ಲ. ಹಾಗಾಗಿ ನನ್ನ ಗಾಯ ಪೂರ್ತಿ ಮಾಯಬೇಕು ಅಂತ ನಾನೂ ಹಟ ಹಿಡಿಯುವುದಿಲ್ಲ.

ಈಗ ಸಾವಾದ ಮನೆಗಳಿಗೆ ಹೋಗುತ್ತೇನೆ. ಸತ್ಯವೇದದಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏನೂ ಮಾತಾಡದೆ ನೆಲದ ಮೇಲೆ ಕೂತಿದ್ದರು, ಅಷ್ಟು ಹೊತ್ತು ಅವರು ಸರಿಯಾಗಿಯೇ ಇದ್ದರು. ನಾನೂ ಗಂಜಿ ಬೇಯಿಸಿ, ಪಾತ್ರೆ ತೊಳೆದು, ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆ ಮಗು ಕಳೆದುಕೊಂಡ ಹುಡುಗಿಯೊಬ್ಬಳು, "ಆಂಟಿ, ದೇವರ ಮೇಲೆ ಸಿಟ್ಟು ಬರ್ತಿದೆ, ತಪ್ಪಾ?" ಅಂದಳು. ತಮ್ಮ ಲಾಜರನನ್ನು ಕಳೆದುಕೊಂಡ ಅಕ್ಕಂದಿರು ಮಾರ್ಥಳೂ ಮರಿಯಳೂ ಯೇಸುವಿನ ಎದುರೇ "ನೀನು ಇಲ್ಲಿ ಇದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ" ಅಂದರು, ಆತ ಅವರನ್ನು ಗದರಿಸಲಿಲ್ಲ, ಕಣ್ಣೀರು ಬಿಟ್ಟ ಅಂತ ಯೋಹಾನನ ಸುವಾರ್ತೆ ತೆಗೆದು ತೋರಿಸಿದೆ. ಈಗ ಇಬ್ಬರೂ ಕೂತು 88ನೆಯ ಕೀರ್ತನೆ ಓದುತ್ತಿದ್ದೇವೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅವಳಿಗೆ ಸಾಕು ಅನಿಸುವವರೆಗೂ ಅಲ್ಲೇ ಇರೋಣ, 89ಕ್ಕೆ ಅವಸರ ಇಲ್ಲ ಅಂತ ಹೇಳಿದ್ದೇನೆ.